ಮೂವತ್ತೊಂದನೇ ಸೀಸೆ

ಮಾರ್ಚ್ ೩

ಅಮ್ಮಾ,

ನಿನ್ನೆ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು ಸಲವೂ ಚಿಕ್ಕಮ್ಮನೇ ಎತ್ತಿ, "ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಕಣೇ" ಎಂದಳು. ಒಂದೇ ದಿನ ಹನ್ನೊಂದು ಸ್ನಾನ ಮಾಡುವವರನ್ನು ನಾನು ನೋಡಿಲ್ಲ. ಕೊನೆಗೆ ಅವಳಿಗೇ ನಾಚಿಕೆಯಾಗಿ, "ಏನಿದ್ರೂ ಬರೆದು ಕಳಿಸ್ಬೇಕಂತೆ, ಫೋನಲ್ಲಿ ಮಾತಾಡಲ್ವಂತೆ" ಎಂದು ನಿಜ ಹೇಳಿದಳು. ಹಾಗೇ ಆಗಲಿ, ಬರೆಯುತ್ತಿದ್ದೇನೆ. ಕ್ಷೇಮವೇ ಎಂದು ಕೇಳುವುದಿಲ್ಲ. ಎಂಟು ತಿಂಗಳಿಂದ ನೀನೂ ಕೇಳಿಲ್ಲ.

ವಿಷಯ ಇಷ್ಟು. ತಪಾಸಣೆ ಕೋಣೆಯ ಕಪಾಟಿನಲ್ಲಿ ಪರೀಕ್ಷೆಯ ಪೆಟ್ಟಿಗೆ ಇತ್ತಲ್ಲ, ಬೇಕೆಂದೇ ಕೂಡಿಟ್ಟ ನಲವತ್ತು ಕೆಟ್ಟ ಸೀಸೆಗಳದ್ದು, ಅದರಲ್ಲಿ ಮೂವತ್ತೊಂದನೇ ಸೀಸೆ ಇಲ್ಲ. ಆ ಕಪಾಟಿನ ಬೀಗದ ಕೈ ಇಪ್ಪತ್ತೆರಡು ವರ್ಷ ನಿನ್ನ ಕೋಟಿನ ಜೇಬಿನಲ್ಲಿತ್ತು. ಬೇರೆ ಯಾರನ್ನು ಕೇಳಲಿ?

ಕಳೆದ ತಿಂಗಳು ಒಂದು ಆಸ್ಪತ್ರೆಯಿಂದ ನಮ್ಮ ಇಂಜೆಕ್ಷನ್ ಸೀಸೆಯೊಂದು ವಾಪಸ್ ಬಂತು. ಟೊಪ್ಪಿಯ ಕೆಳಗೆ, ಹೆಗಲಿನ ತಿರುವಿನಲ್ಲಿ, ಕೂದಲೆಳೆಯಷ್ಟು ಬಿರುಕು. ಒಳಗಿನ ಔಷಧ ಮಸುಕಾಗಿತ್ತು. ಸಿರಿಂಜಿಗೆ ಎಳೆಯುವ ಮೊದಲು ನರ್ಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳಂತೆ, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಆ ಸೀಸೆ ನನ್ನ ಕ್ಯಾಮೆರಾ ಯಂತ್ರದೊಳಗೆ ಹಾದು, ಒಳ್ಳೆಯದೆಂದು ಅನ್ನಿಸಿಕೊಂಡು ಹೊರಗೆ ಹೋದದ್ದು. ಈಗ ಯಂತ್ರಕ್ಕೆ ನಲವತ್ತೂ ಸೀಸೆಗಳನ್ನು ಕೊಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಹೆಗಲಿನ ಬಿರುಕಿಗೆ ನಮ್ಮಲ್ಲಿರುವ ಮಾದರಿ ಮೂವತ್ತೊಂದು ಒಂದೇ. ಜೂನಿನಲ್ಲಿ ಔಷಧ ಇಲಾಖೆಯವರು ಪರಿಶೀಲನೆಗೆ ಬರುತ್ತಾರೆ. ಆ ಯಂತ್ರದ ಕಾಗದಗಳ ಮೇಲೆಲ್ಲ ಇರುವುದು ನನ್ನ ಸಹಿ.

ಹತ್ತಿ ಸುತ್ತಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸು.

ನಿನ್ನ ಮಗಳು,
ಹಿರಿಯ ಆಟೊಮೇಷನ್ ಎಂಜಿನಿಯರ್


ಮಾರ್ಚ್ ೧೧

ಹಿರಿಯ ಆಟೊಮೇಷನ್ ಎಂಜಿನಿಯರರಿಗೆ,

ತಮ್ಮ ಪತ್ರ ತಲುಪಿತು. ಹೆತ್ತವಳಿಗೆ ಬರೆದ ಕಾಗದದ ಕೆಳಗೆ ಹುದ್ದೆ ಹಾಕುವ ಮಗಳನ್ನು ಇದೇ ಮೊದಲು ನೋಡಿದ್ದು. ಒಂದು ರಬ್ಬರ್ ಮೊಹರನ್ನೂ ಒತ್ತಿಬಿಡಬೇಕಿತ್ತು.

ಫೋನಿನಲ್ಲಿ ಯಾಕೆ ಮಾತಾಡುವುದಿಲ್ಲ ಎಂದರೆ, ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತಲ್ಲ, ಬರೆಯದ್ದು ನಡೆದೇ ಇಲ್ಲ ಎಂದು. ಅದನ್ನು ನಂಬಿ ಬದುಕಿದವಳು ನಾನು. ಬರೆದದ್ದನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪಾದರೆ ಒಂದೇ ಗೆರೆ, ಕೆಳಗಿನ ಅಕ್ಷರ ಕಾಣುವಂತೆ, ಪಕ್ಕದಲ್ಲಿ ಸಹಿ, ತಾರೀಖು. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ನೋಟ್‌ಬುಕ್ಕಿನಲ್ಲೂ ಹಾಗೇ ತಿದ್ದುತ್ತಿದ್ದೆ. ನಿನ್ನ ಟೀಚರು ನನ್ನನ್ನು ಕರೆಸಿ, "ಏನಮ್ಮಾ ಇದು, ನಿಮ್ಮ ಹುಡುಗಿ ಪ್ರತಿ ತಪ್ಪಿಗೂ ಸಹಿ ಹಾಕ್ತಾಳೆ" ಎಂದಿದ್ದರು. ನನಗೆ ಆ ದಿನ ಎಷ್ಟು ಹೆಮ್ಮೆಯಾಗಿತ್ತು ಎಂದು ಈಗ ಹೇಳಿ ಪ್ರಯೋಜನವಿಲ್ಲ.

ಮೂವತ್ತೊಂದರ ವಿಚಾರ ನನಗೆ ಹೇಳಿಕೊಡಲು ಬರಬೇಡ. ಅದು ಸಿಕ್ಕಾಗ ನೀನಿನ್ನೂ ಕಾಲೇಜಿನ ಮೆಟ್ಟಿಲ ಮೇಲಿದ್ದೆ. ಹನ್ನೆರಡು ಸ್ಟೂಲು, ಒಂದೊಂದರ ಮುಂದೆ ಅರ್ಧ ಕಪ್ಪು ಅರ್ಧ ಬಿಳಿ ಹಲಗೆ, ತಲೆಯ ಮೇಲೆ ಒಂದು ಟ್ಯೂಬ್‌ಲೈಟು, ಇಪ್ಪತ್ತು ನಿಮಿಷ ನೋಡು, ಐದು ನಿಮಿಷ ಕಣ್ಣು ಮುಚ್ಚು. ಹನ್ನೊಂದು ಜನರ ಕೈ ದಾಟಿ ಬಂದಿದ್ದ ಆ ಸೀಸೆಯನ್ನು ಹಿಡಿದವಳು ನಮ್ಮ ಎಡಗೈಯವಳು. ಅವಳು ಎಲ್ಲರಿಗಿಂತ ಉಲ್ಟಾ ತಿರುಗಿಸುತ್ತಿದ್ದಳು. ಆ ಬಿರುಕು ಎಡಕ್ಕೆ ತಿರುಗಿಸಿದರೆ ಮಾತ್ರ ಒಂದು ಸಲ ದಾರದಂತೆ ಹೊಳೆದು ಮಾಯವಾಗುತ್ತದೆ. ಅಂದಿನಿಂದ ನಾವೆಲ್ಲ ಪ್ರತಿ ಸೀಸೆಯನ್ನೂ ಎರಡೂ ಕಡೆ ತಿರುಗಿಸಿದೆವು. ಅದಕ್ಕೆ ಹೊತ್ತು ಹೆಚ್ಚು ಹಿಡಿಯುತ್ತದೆ ಎಂದು ಮೇಲಿನವರಿಂದ ಬೈಸಿಕೊಂಡೆವು. ಎಡಗೈಯವಳು ಈಗ ಒಂದು ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುತ್ತಾಳೆ. ಅಲ್ಲಿ ಯಾವ ಕಡೆಯಿಂದ ಮಡಿಸಿದರೂ ಒಂದೇ.

ನಿನ್ನ ಯಂತ್ರ ಯಾವ ಕಡೆ ತಿರುಗಿಸುತ್ತದೆ?

ಇನ್ನೊಂದು ಪ್ರಶ್ನೆ. ಪೆಟ್ಟಿಗೆಯಲ್ಲಿ ಮೂವತ್ತೊಂದು ಇಲ್ಲ ಎಂದು ನಿನಗೆ ಮೊದಲು ಗೊತ್ತಾದದ್ದು ಯಾವ ದಿನ? ತಾರೀಖು ಬರೆದು ತಿಳಿಸು. ಆಮೇಲೆ ಸೀಸೆಯ ಮಾತು.

ಇಂತು,
ತಪಾಸಣೆ ಕೋಣೆಯ ಮಾಜಿ ಮೇಲ್ವಿಚಾರಕಿ


ಮಾರ್ಚ್ ೧೬

ಅಮ್ಮಾ,

ನೀನು ಕೇಳಿದ ತಾರೀಖು ಫೆಬ್ರವರಿ ೨೬, ಬೆಳಿಗ್ಗೆ ಹತ್ತೂವರೆ. ಆಸ್ಪತ್ರೆಯ ದೂರು ಬಂದ ಮೇಲೆ ಕಪಾಟು ತೆಗೆದಾಗ. ಸಾಕೇ?

ಈಗ ನನ್ನ ಮಾತನ್ನೂ ಕೇಳು. ಆ ಯಂತ್ರ ನಿಮಿಷಕ್ಕೆ ಮುನ್ನೂರು ಸೀಸೆ ನೋಡುತ್ತದೆ, ಒಂದೊಂದಕ್ಕೂ ಮೂವತ್ತು ಚಿತ್ರ ತೆಗೆಯುತ್ತದೆ. ಆಕಳಿಸುವುದಿಲ್ಲ, ಸೊಸೆಯ ಕಥೆ ಹೇಳುತ್ತಾ ಕೂರುವುದಿಲ್ಲ. ಅದು ಪೆಟ್ಟಿಗೆಯಿಂದ ತೆಗೆದು ಸ್ವಿಚ್ ಹಾಕಿದ ತಕ್ಷಣ ನಡೆದದ್ದೂ ಅಲ್ಲ. ಮೊದಲು ನೀರಿನ ಗುಳ್ಳೆ ಕಂಡರೂ ಬಿರುಕೆಂದು ಗಾಳಿ ಊದಿ ಒಳ್ಳೆಯ ಸೀಸೆಯನ್ನೇ ಆಚೆ ಎಸೆಯುತ್ತಿತ್ತು. ದೀಪದ ಕೋನ, ತಿರುಗುವ ವೇಗ, ನಿಲ್ಲುವ ಕ್ಷಣ, ಇವನ್ನು ತಿದ್ದುತ್ತಾ ಮೂರು ತಿಂಗಳು ಆ ಗಾಜಿನ ಬಾಗಿಲ ಮುಂದೆ ನಿಂತೇ ಇದ್ದೆ. ನನ್ನ ಮೊಣಕಾಲು ಇನ್ನೂ ನೋಯುತ್ತದೆ. ನಿಮ್ಮ ಕೋಣೆಯವರಿಗೆ ಅದು ಕೆಲಸವೆಂದು ಅನ್ನಿಸಲೇ ಇಲ್ಲ.

ನಿಮ್ಮ ಕೋಣೆಯ ಲೆಕ್ಕವೂ ಫೈಲಿನಲ್ಲಿದೆ. ಪೆಟ್ಟಿಗೆಯ ಸೀಸೆಗಳನ್ನು ಜೂನ್ ಕೊನೆಯ ವಾರ ನಿಮ್ಮ ಹನ್ನೆರಡು ಜನರ ಮುಂದೆ ಹತ್ತು ಹತ್ತು ಸಲ ಇಟ್ಟೆವು. ಸರಾಸರಿ ಹತ್ತರಲ್ಲಿ ಎಂಟನ್ನು ಹಿಡಿದಿರಿ. ಇಪ್ಪತ್ತೆರಡು ವರ್ಷ ಉಳಿದ ಎರಡು ಯಾರ ತೋಳಿಗೆ ಹೋಗುತ್ತಿದ್ದವು? ಆ ಎರಡರ ಬಗ್ಗೆ ಯಾರೂ ಕಣ್ಣೀರು ಹಾಕಿದ್ದನ್ನು ನಾನು ನೋಡಿಲ್ಲ.

ಕಣ್ಣಿನ ಮಾತು ಬಂದದ್ದಕ್ಕೆ ಇದನ್ನೂ ಬರೆದುಬಿಡುತ್ತೇನೆ. ಕೊನೆಯ ಎರಡು ವರ್ಷ ನೀನು ಕಣ್ಣಿನ ಪರೀಕ್ಷೆಯ ಚಾರ್ಟನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಪಾಸಾಗುತ್ತಿದ್ದೆ. ಪಾತ್ರೆ ತೊಳೆಯುತ್ತಾ ಕೊನೆಯ ಸಾಲಿನ ಅಕ್ಷರಗಳನ್ನು ಗುನುಗುತ್ತಿದ್ದದ್ದು ನನಗೆ ಕೇಳುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.

ನಿಮ್ಮನ್ನು ಮನೆಗೆ ಕಳಿಸಿದ್ದು ನಾನಲ್ಲ. ಯಂತ್ರ ಬೇಡ ಎಂದು ನಾನು ಹೇಳಿದ್ದರೆ ಇನ್ನೊಬ್ಬ ಎಂಜಿನಿಯರ್ ಬಂದು ಕೂರಿಸುತ್ತಿದ್ದ. ಆದರೂ ಹೋಗುವ ದಿನ ನಿಮ್ಮವರು ತಮ್ಮ ಹನ್ನೆರಡು ಭೂತಗನ್ನಡಿಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋದರು. ಹನ್ನೆರಡನೆಯದು ನಿನ್ನದು.

ಸೀಸೆ ಕಳಿಸು.

ನಿನ್ನ ಮಗಳು


ಮಾರ್ಚ್ ೨೪

ಮಗಳೇ,

ನಾನು ಬರೀ ತಾರೀಖು ಕೇಳಿದೆ, ನೀನು ಗಡಿಯಾರವನ್ನೂ ತೋರಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಮೂವತ್ತೊಂದು ನನ್ನ ಹತ್ತಿರವೇ ಇದೆ. ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ನಡುವೆ, ನೀನು ಹೇಳುವ ಮೊದಲೇ ಹತ್ತಿ ಸುತ್ತಿಕೊಂಡು ಕೂತಿದೆ. ಅದನ್ನು ನಾನು ತೆಗೆದುಕೊಂಡದ್ದು ಕಳೆದ ವರ್ಷ ಜುಲೈ ಎರಡನೇ ತಾರೀಖು, ಪಾಳಿ ಮುಗಿಯುವ ಹೊತ್ತಿಗೆ. ನಮ್ಮ ಹನ್ನೆರಡು ಜನರ ಪರೀಕ್ಷೆ ಮುಗಿದಿತ್ತು, ನಿನ್ನ ಯಂತ್ರದ ಪರೀಕ್ಷೆ ಇನ್ನೂ ಆಗಿರಲಿಲ್ಲ. ಗೇಟಿನವನು ಕೈಚೀಲ ತಡಕುತ್ತಾನೆ, ಕನ್ನಡಕದ ಡಬ್ಬಿ ತೆರೆಯುವುದಿಲ್ಲ.

ನಿನ್ನ ಯಂತ್ರದ ಪರೀಕ್ಷೆ ಆದದ್ದು ಜುಲೈ ಒಂಬತ್ತಕ್ಕೆ. ಮಾರನೆಯ ದಿನ ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಿರಿ. ನಮ್ಮವರೆಲ್ಲ ಗುಂಪುಗೂಡಿ ಓದಿದರು. ನಾನೂ ಓದಿದೆ. ಮೂವತ್ತೊಂದನೇ ಸಂಖ್ಯೆ, ಹೆಗಲಿನ ಬಿರುಕು, ಹೆಂಗಸರು ಹತ್ತರಲ್ಲಿ ಎಂಟು, ಯಂತ್ರ ಹತ್ತಕ್ಕೆ ಹತ್ತು. ಎಡಗೈಯವಳು, "ನೋಡ್ರೀ, ನಮ್ಮ ಸೀಸೆನೂ ಹಿಡಿದುಬಿಡ್ತು" ಎಂದು ಮುಖ ಸಣ್ಣದು ಮಾಡಿಕೊಂಡಳು. ಇನ್ನು ಇವರು ನಮ್ಮನ್ನು ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಅಲ್ಲೇ ಎಲ್ಲರಿಗೂ ಅರ್ಥವಾಯಿತು.

ಆ ಹೊತ್ತಿಗೆ ಮೂವತ್ತೊಂದು ನನ್ನ ಅಡುಗೆಮನೆಯ ಗೂಡಿನಲ್ಲಿತ್ತು. ನಿನ್ನ ಯಂತ್ರದ ಕಣ್ಣು ಅಷ್ಟು ದೂರ ನೋಡುತ್ತದೆಯೇ? ಅದು ಹತ್ತು ಸಲ ಹಿಡಿದದ್ದು ಏನನ್ನು?

ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಬಿಟ್ಟರೆ ಮೊದಲ ಕಳ್ಳಿ ನಾನೇ. ಈಗ ನೀನಾಗಿಯೇ ಕೇಳಿದ್ದೀಯ.

ಇಂತು,
ಮಾಜಿ ಮೇಲ್ವಿಚಾರಕಿ


ಏಪ್ರಿಲ್ ೨೦

ಅಮ್ಮಾ,

ಇಪ್ಪತ್ತೇಳು ದಿನ ಬರೆಯಲಿಲ್ಲ. ಬರೆಯಲು ಕೂತರೆ ಪೆನ್ನು ನಿನ್ನನ್ನು ಬೈಯುವುದಕ್ಕೇ ಓಡುತ್ತಿತ್ತು. ಇಂದೂ ಅದನ್ನು ತಡೆಯುವ ಆಸೆ ನನಗಿಲ್ಲ. ಆದರೆ ಮೊದಲು ನನ್ನದನ್ನು ಬರೆಯುತ್ತೇನೆ.

ಜುಲೈ ಒಂಬತ್ತರ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಮೂವತ್ತೊಂದರ ಗುಳಿ ಖಾಲಿ ಇತ್ತು. ಆಗಲೇ ಗೊತ್ತಾಗಿತ್ತು. ಫೆಬ್ರವರಿ ಎಂದು ಬರೆದದ್ದು ಸುಳ್ಳು. ಗುಣಮಟ್ಟದ ಮುಖ್ಯಸ್ಥರು ಪಕ್ಕದ ಕೋಣೆಯಲ್ಲಿ ಕೈಗಡಿಯಾರ ನೋಡುತ್ತಾ ಓಡಾಡುತ್ತಿದ್ದರು. ಯಂತ್ರ ಮಾಡಿದ ಕಂಪನಿಯ ತಂತ್ರಜ್ಞ ಮಧ್ಯಾಹ್ನದ ವಿಮಾನಕ್ಕೆ ಹೊರಡುವವನಿದ್ದ. ನಿಮ್ಮ ಕೋಣೆಯಲ್ಲಿ ಯಾರೋ ಒಡೆದು ಬಾಯಿ ಮುಚ್ಚಿಕೊಂಡಿದ್ದಾರೆ ಅಂದುಕೊಂಡೆ. ಪರೀಕ್ಷೆ ನಿಲ್ಲಿಸಿ ಹೇಳಿದ್ದರೆ ತಪಾಸಣೆ ಕೋಣೆಯ ಮೇಲ್ವಿಚಾರಕಿಯನ್ನು, ಅಂದರೆ ನಿನ್ನನ್ನು, ನಿಲ್ಲಿಸಿ ಕೇಳುತ್ತಿದ್ದರು. ಅದಕ್ಕೂ ಹೆದರಿದೆ, ನನ್ನ ಮೂರು ತಿಂಗಳು ಮಣ್ಣುಪಾಲಾಗುತ್ತದೆ ಎಂದೂ ಹೆದರಿದೆ. ಯಾವುದು ಹೆಚ್ಚು ಎಂದು ಕೇಳಬೇಡ.

ಕಸದ ತಟ್ಟೆಯಲ್ಲಿ ಬಿರುಕು ಬಿಟ್ಟ ಒಂದು ಸೀಸೆ ಸಿಕ್ಕಿತು. ಬಿರುಕು ಹೆಗಲಲ್ಲಿರಲಿಲ್ಲ, ಹೊಟ್ಟೆಯ ಮೇಲಿತ್ತು, ದಾರಿಹೋಕರಿಗೂ ಕಾಣುವಷ್ಟು. ಅದಕ್ಕೆ ಮೂವತ್ತೊಂದು ಎಂದು ಚೀಟಿ ಅಂಟಿಸಿದೆ. ಐದು ನಿಮಿಷದ ಕೆಲಸ. ಯಂತ್ರ ಹತ್ತಕ್ಕೆ ಹತ್ತು ಹಿಡಿಯಿತು. ಸಹಿ ಹಾಕಿದೆ. ಆಸ್ಪತ್ರೆಯ ದೂರು ಬರುವವರೆಗೆ ಯಾರೂ ಆ ಸೀಸೆಯನ್ನು ಫೈಲಿನಲ್ಲಿರುವ ಮೂವತ್ತೊಂದರ ಹಳೆಯ ಫೋಟೋದ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಈಗಲೂ ನಾನೊಬ್ಬಳೇ ನೋಡಿದ್ದೇನೆ.

ಇನ್ನು ನಿನ್ನದು. ಪರೀಕ್ಷೆಯ ನಿಯಮ ನನಗಿಂತ ಚೆನ್ನಾಗಿ ನಿನಗೆ ಗೊತ್ತು. ನಲವತ್ತರಲ್ಲಿ ಒಂದೇ ಒಂದು ಸಂಖ್ಯೆಯಲ್ಲಿ ಯಂತ್ರ ಹೆಂಗಸರಿಗಿಂತ ಕೆಳಗಿದ್ದರೂ ಅದು ಫೇಲು. ನನ್ನ ಯಂತ್ರ ಬಲಕ್ಕೆ ಮಾತ್ರ ತಿರುಗಿಸುತ್ತದೆ. ಹೌದು, ನೀನು ಕೇಳಿದ ಪ್ರಶ್ನೆಗೆ ಉತ್ತರ ಅದು. ನಿಜವಾದ ಮೂವತ್ತೊಂದು ಆ ದಿನ ಪೆಟ್ಟಿಗೆಯಲ್ಲಿ ಇದ್ದಿದ್ದರೆ ಯಂತ್ರ ಅಲ್ಲೇ ಸೋಲುತ್ತಿತ್ತು. ನಿಮ್ಮ ಕೋಣೆಯ ಬಾಗಿಲು ಇವತ್ತೂ ತೆರೆದಿರುತ್ತಿತ್ತು. ಹನ್ನೆರಡು ಜನರ ಕೆಲಸವನ್ನು ಕಾಯುತ್ತಿದ್ದ ಒಂದೇ ಒಂದು ಸೀಸೆಯನ್ನು ಕನ್ನಡಕದ ಡಬ್ಬಿಯಲ್ಲಿ ಹಾಕಿಕೊಂಡು ನಡೆದವಳು ನೀನು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ.

ಧೈರ್ಯವಿದ್ದರೆ ಇದನ್ನು ಎಡಗೈಯವಳಿಗೆ ಹೇಳು.

ಮಗಳು


ಮೇ ೧೮

ನಿನ್ನ ಕಾಗದ ಬಂದ ದಿನ ಚಿಕ್ಕಮ್ಮ, "ಏನ್ ಬರೆದಿದ್ದಾಳೆ, ಮುಖ ಹೀಗಾಗಿದೆ" ಎಂದಳು. ಏನಿಲ್ಲ ಎಂದೆ. ಆ ಲೆಕ್ಕ ಈ ಹತ್ತು ತಿಂಗಳಲ್ಲಿ ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ. ಸೀಸೆ ಇಲ್ಲದಿದ್ದರೆ ಪರೀಕ್ಷೆ ನಿಲ್ಲುತ್ತದೆ, ಅಷ್ಟೇ ಅಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ನಿಯಮ ಹೇಳಿಕೊಟ್ಟವಳಿಗೆ ನಿಯಮದ ಆಚೆಬದಿ ಕಾಣಲಿಲ್ಲ. ನೀನು ಬರೆದದ್ದು ಸರಿ. ಸರಿ ಎಂದ ಮಾತ್ರಕ್ಕೆ ನೀನು ಒಳ್ಳೆಯವಳಾಗುವುದಿಲ್ಲ.

ಧೈರ್ಯದ ಮಾತು ಎತ್ತಿದ್ದಕ್ಕೆ ಬಸ್ಸು ಹತ್ತಿ ಲಾಂಡ್ರಿಗೆ ಹೋದೆ. ಎಡಗೈಯವಳು ಬೆಡ್‌ಶೀಟಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೊಳ್ಳಿ ಮೇಡಂ, ಕೂತು ಮಾತಾಡೋಕೆ ಇಲ್ಲಿ ಪುರುಸೊತ್ತಿಲ್ಲ" ಎಂದಳು. ಮಡಿಸುತ್ತಲೇ ಹೇಳಿದೆ.

"ನೀವೇ ತಗೊಂಡ್ರಾ?"

"ನಾನೇ."

"ನಮ್ಮ ಕೋಣೆ ಉಳೀಲಿ ಅಂತಾನಾ?"

"ಹೂಂ" ಎಂದೆ.

ಅವಳು ಇನ್ನೊಂದು ಮಡಿಕೆ ಹಾಕಿ, "ಹಾಗಾದ್ರೆ ಹೋಗ್ಲಿ ಬಿಡಿ, ನಮಗೋಸ್ಕರ ಮಾಡಿದ್ದು ತಾನೆ" ಎಂದಳು. ನಾನು ಬಸ್ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಹಿಂತಿರುಗಿ ಬಂದೆ. ಅವಳ ಆ ಒಳ್ಳೆಯ ಮಾತನ್ನು ಹೊತ್ತುಕೊಂಡು ಮನೆಗೆ ಬರಲು ಆಗಲಿಲ್ಲ, ಯಾಕೆಂದರೆ ನಾನು ಹೇಳಿದ್ದು ಸುಳ್ಳು. ಅವಳಿಗೆ ಹೇಳಿದ ನಿಜವನ್ನು ನಿನಗೂ ಬರೆಯುತ್ತೇನೆ.

ಜುಲೈ ಎರಡಕ್ಕೆ ನಮ್ಮವರ ಅಂಕಪಟ್ಟಿಗೆ ಸಹಿ ಹಾಕಲು ನಿನ್ನ ಕೋಣೆಗೆ ಬಂದಿದ್ದೆ. ನೀನು ಯಂತ್ರದ ಹತ್ತಿರ ಹೋಗಿದ್ದೆ. ಅಂಕಪಟ್ಟಿಯ ಕೆಳಗೆ ನೀನು ತುಂಬಿದ್ದ ಇನ್ನೊಂದು ಫಾರಂ ಇತ್ತು. ಅದರ ಆರನೇ ಪ್ರಶ್ನೆ, ಈ ಪರೀಕ್ಷೆಯಲ್ಲಿ ಭಾಗವಹಿಸುವ ಯಾರಿಗಾದರೂ ನೀವು ಸಂಬಂಧಿಕರೇ ಎಂದು. ನೀನು 'ಇಲ್ಲ' ಎಂದು ಬರೆದಿದ್ದೆ. ನಾನು ಕೈ ಹಿಡಿದು ತಿದ್ದಿಸಿದ ಅದೇ ದುಂಡು ಅಕ್ಷರ. ಅವಸರದ್ದೂ ಅಲ್ಲ, ನಿಧಾನವಾಗಿ ಬರೆದದ್ದು.

ಅದನ್ನು ಎರಡು ಸಲ ಓದಿದೆ. ಆಮೇಲೆ ಕಪಾಟಿನ ಹತ್ತಿರ ಹೋದೆ. ಕೋಣೆಯನ್ನು ಉಳಿಸಲು ಅಲ್ಲ. ನಿನ್ನನ್ನು ಎಲ್ಲರ ಮುಂದೆ ಬೀಳಿಸಲು. ನನ್ನ ಜೊತೆ ಕೆಲಸ ಕಳೆದುಕೊಂಡವರು ಅವರು ಹನ್ನೊಂದು ಜನ.

ಎಡಗೈಯವಳು ಎಲ್ಲ ಕೇಳಿದಳು. ನಾನು ಮತ್ತೆ ಹಿಡಿದಿದ್ದ ಬೆಡ್‌ಶೀಟಿನ ತುದಿಯನ್ನು ಎಳೆದುಕೊಂಡು, "ನಿಮ್ಮ ತಾಯಿ ಮಗಳ ಜಗಳಕ್ಕೆ ನಮ್ಮ ಅನ್ನ ಬೇಕಿತ್ತಾ" ಎಂದಳು. ಅದನ್ನು ಒಬ್ಬಳೇ ಮಡಿಸಿ ಮುಂದಿನದಕ್ಕೆ ಕೈ ಹಾಕಿದಳು. ನನಗೆ ಇನ್ನು ಆ ಬೀದಿಗೆ ಹೋಗುವ ಮುಖವಿಲ್ಲ.

ಸೀಸೆಯನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಗುಟ್ಟಾಗಿ ಯಂತ್ರಕ್ಕೆ ಹಾಕಿ ನೋಡಬೇಡ. ಮುಖ್ಯಸ್ಥರನ್ನು ಎದುರಿಗೆ ನಿಲ್ಲಿಸಿಕೊಂಡು ಹಾಕು. ಏನು ಬರುತ್ತದೆಯೋ ಅದನ್ನು ಬರೆ. ನನ್ನನ್ನು ಕಾಪಾಡುವ ನೆಪದಲ್ಲಿ ನಿನ್ನನ್ನು ಕಾಪಾಡಿಕೊಳ್ಳಬೇಡ.

ಮಾಜಿ ಮೇಲ್ವಿಚಾರಕಿ


ಜೂನ್ ೧೪

ಅಮ್ಮಾ,

ಹತ್ತು ಸಲ ಹಾಕಿದೆ. ಒಂದು ಸಲ ಹಿಡಿಯಿತು. ಉಳಿದ ಒಂಬತ್ತು ಸಲ ನಿಮ್ಮ ಮೂವತ್ತೊಂದು ಒಳ್ಳೆಯ ಸೀಸೆಗಳ ಸಾಲಿನಲ್ಲಿ ಸಂಭಾವಿತನ ಹಾಗೆ ನಡೆದುಹೋಯಿತು. ಮುಖ್ಯಸ್ಥರು ಪಕ್ಕದಲ್ಲೇ ನಿಂತು 'ಪಾಸ್' ಎಂಬ ಹಸಿರು ದೀಪವನ್ನು ಒಂಬತ್ತು ಸಲ ನೋಡಿದರು.

ಎಲ್ಲ ಮುಗಿದ ಮೇಲೆ ನಿನ್ನದನ್ನೂ ನನ್ನದನ್ನೂ ಅವರಿಗೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡು, "ನೋಡಮ್ಮಾ, ನೀನು ಸೀಸೆ ಬದಲಾಯಿಸಿದ್ದು ಯಾರಿಗೂ ಗೊತ್ತಿಲ್ಲ. ಕದ್ದವರು ಯಾರು ಅಂತ ಗೊತ್ತಾಗಿದೆ. ಬದಲಿ ಸೀಸೆನೂ ಅವರೇ ಇಟ್ಟು ಹೋಗಿದ್ರು ಅಂತ ಬರೆದುಬಿಡು. ಹೇಗೂ ಕೆಲಸ ಬಿಟ್ಟವರು, ಅವರಿಗೇನಾಗುತ್ತೆ" ಎಂದರು. ಬಹಳ ಸಲೀಸಾದ ಮಾತು. ನಿನ್ನ ಮೇಲೆ ಇದ್ದ ಸಿಟ್ಟಿಗೆ ಅರ್ಧ ನಿಮಿಷ ಅದು ನ್ಯಾಯವಾಗಿಯೂ ಕಂಡಿತು. ಸುಳ್ಳು ಹೇಳುವುದಿಲ್ಲ.

ವರದಿ ನಾಲ್ಕು ಪುಟ ಆಯಿತು. ನೀನು ಜುಲೈ ಎರಡಕ್ಕೆ ಕದ್ದದ್ದನ್ನು ಬರೆದಿದ್ದೇನೆ, ಕನ್ನಡಕದ ಡಬ್ಬಿಯ ಸಮೇತ. ನಾನು ಜುಲೈ ಒಂಬತ್ತಕ್ಕೆ ಚೀಟಿ ಅಂಟಿಸಿದ್ದನ್ನೂ ಬರೆದಿದ್ದೇನೆ. ನಿನಗೆ ದಯೆ ತೋರಿಸಿಲ್ಲ, ತೋರಿಸುವ ಮನಸ್ಸೂ ಇಲ್ಲ. ಯಂತ್ರ ನಿಂತಿದೆ. ಗೋದಾಮಿನಲ್ಲಿದ್ದ ಸರಕನ್ನೆಲ್ಲ ತಡೆದಿದ್ದಾರೆ, ಅಂಗಡಿ ಆಸ್ಪತ್ರೆಗಳಿಗೆ ಹೋದದ್ದನ್ನು ವಾಪಸ್ ಕರೆಸುತ್ತಿದ್ದಾರೆ. ವರದಿ ಕೊಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ನಾನೇ ರೂಪಿಸಿದ ಪರದೆ, ನಾನೇ ಆರಿಸಿದ ಕೆಂಪು ಬಣ್ಣ, 'ನಿಮಗೆ ಅನುಮತಿ ಇಲ್ಲ' ಎಂದು ತೋರಿಸಿತು. ಸೋಮವಾರದಿಂದ ಬರಬೇಡವೆಂದು ಹೇಳಿದ್ದಾರೆ. ಇನ್ನು ಔಷಧ ಕಾರ್ಖಾನೆಗಳಲ್ಲಿ ನನ್ನ ಸಹಿಯನ್ನು ಯಾರೂ ಕೇಳುವುದಿಲ್ಲ.

ಆರನೇ ಪ್ರಶ್ನೆಯ ಬಗ್ಗೆ. 'ಹೌದು' ಎಂದು ಬರೆದಿದ್ದರೆ ಪರೀಕ್ಷೆಯನ್ನು ಇನ್ನೊಬ್ಬರಿಗೆ ಕೊಡುತ್ತಿದ್ದರು. ನಾವು ಯಾರೆಂದು ಗೊತ್ತಿದ್ದ ಮುಖ್ಯಸ್ಥರೇ, "ಅದೊಂದು ಇಲ್ಲ ಅಂತ ಹಾಕ್ಬಿಡಮ್ಮಾ, ಯಾರು ಓದ್ತಾರೆ" ಎಂದಿದ್ದರು. ಓದುವವಳು ಒಬ್ಬಳಿದ್ದಾಳೆ ಎಂದು ನನಗೆ ಹೊಳೆಯಬೇಕಿತ್ತು. ಇದು ಕ್ಷಮೆ ಕೇಳುವ ಮಾತಲ್ಲ. ನಡೆದದ್ದು ಹೀಗೆ, ಅಷ್ಟೇ.

ಜೊತೆಗೆ ಒಂದು ಹಾಳೆಯ ನಕಲು ಇಟ್ಟಿದ್ದೇನೆ. ಫೈಲುಗಳನ್ನು ಕಿತ್ತುಕೊಳ್ಳುವ ಮೊದಲು ನಾನು ಅಲ್ಲಿ ಮಾಡಿದ ಕೊನೆಯ ಕೆಲಸ ಅದು.

ಮಗಳು


ಜುಲೈ ೨

ನಿನ್ನ ಕಾಗದ ತಲುಪಿ ಎರಡು ವಾರವಾಯಿತು. ಉತ್ತರ ಬರೆಯಬಾರದು ಎಂದೇ ಇದ್ದೆ. ಇವತ್ತಿನ ತಾರೀಖು ನೋಡಿ ಕೂತಿದ್ದೇನೆ.

ಕಂಪನಿಯಿಂದ ನನಗೂ ನೋಟಿಸು ಬಂದಿದೆ. ಇನ್ನು ಗೇಟಿನೊಳಗೆ ಕಾಲಿಡಬಾರದಂತೆ. ಅಲ್ಲಿಗೆ ಹೋಗುವ ಉದ್ದೇಶ ನನಗೂ ಇರಲಿಲ್ಲ. ವಾಪಸ್ ಬಂದ ಸೀಸೆಗಳನ್ನು ಕೈಯಲ್ಲಿ ಹಿಡಿದು ನೋಡಲು ನಮ್ಮವರಲ್ಲಿ ಏಳು ಜನರನ್ನು ಕರೆಸಿಕೊಂಡಿದ್ದಾರೆ. ನನ್ನ ಸ್ಟೂಲಿನ ಮೇಲೆ ಎಡಗೈಯವಳು ಕೂರುತ್ತಾಳಂತೆ. ಕಪಾಟಿನ ಬೀಗದ ಕೈಯೂ ಅವಳ ಹತ್ತಿರವೇ ಇದೆ. ಇದನ್ನು ನನಗೆ ಹೇಳಿದವಳು ಅವಳಲ್ಲ, ಬೇರೆಯವರು. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಮತ್ತೆ ಆಡುತ್ತಾಳೆ ಎಂಬ ಆಸೆ ಇಲ್ಲ.

ಕಳೆದ ವಾರ ಕನ್ನಡಕದ ಅಂಗಡಿಗೆ ಹೋಗಿದ್ದೆ. ನೀನು ಚುಚ್ಚಿದ್ದಕ್ಕಲ್ಲ, ನನಗೇ ತಿಳಿಯಬೇಕಿತ್ತು. ಅಲ್ಲಿಯೂ ಅದೇ ಚಾರ್ಟು. ಈ ಸಲ ಕಂಡಷ್ಟೇ ಓದಿದೆ. ನಾಲ್ಕನೇ ಸಾಲಿಗೆ ನಿಂತೆ. ಅಂಗಡಿಯವನು, "ಇಷ್ಟು ದಿನ ಹೇಗೆ ಕೆಲಸ ಮಾಡಿದ್ರಿ ಅಮ್ಮಾ" ಎಂದು ಕೇಳಿದ. ಹತ್ತರಲ್ಲಿ ಎರಡು ಯಾರ ತೋಳಿಗೆ ಹೋದವು ಎಂದು ನೀನು ಕೇಳಿದ್ದೆ. ಆ ಪ್ರಶ್ನೆಯನ್ನು ನಾನು ಇನ್ನೂ ಕೆಳಗಿಟ್ಟಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದು ತಿಳಿಯಬೇಡ. ಹೋಗಿಲ್ಲ. ನಿನಗೂ ಹೋಗಿರಲಿಕ್ಕಿಲ್ಲ. ಚಿಕ್ಕಮ್ಮ, "ಕೆಲಸ ಹೋಗಿದೆ, ಪಾಪ, ಬಂದು ಇಲ್ಲೇ ಇರ್ಲಿ ಅಂತ ಬರಿ" ಎನ್ನುತ್ತಾಳೆ. ಅವಳು ಹೇಳಿದ್ದನ್ನು ಬರೆದಿದ್ದೇನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬಂದರೆ ನನ್ನ ಜೊತೆ ಜಗಳವಾಡಲು ಫೋನು ಬೇಕಾಗುವುದಿಲ್ಲ, ಅಷ್ಟೇ ಲಾಭ.

ಆ ಹಾಳೆಯನ್ನು ಹೊಸ ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಆರನೇ ಪ್ರಶ್ನೆಯ ಮುಂದೆ 'ಇಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದಿದ್ದೀಯ. ಪಕ್ಕದಲ್ಲಿ, 'ಹೌದು. ಮೇಲ್ವಿಚಾರಕಿ ನನ್ನ ತಾಯಿ' ಎಂದು ಬರೆದಿದ್ದೀಯ. ಸಹಿ ಇದೆ, ತಾರೀಖು ಇದೆ. ಗೆರೆ ಒಂದೇ ಇದೆ, ನೇರವಾಗಿದೆ. ಅದರ ಕೆಳಗಿನ 'ಇಲ್ಲ' ಇನ್ನೂ ಓದಲು ಬರುತ್ತದೆ.

ಹಾಗೇ ಬರಬೇಕು. ಸರಿಯಾಗಿ ತಿದ್ದಿದ್ದೀಯ.

ನಿನ್ನ ತಾಯಿ